ಎನ್ರಾನ್ ಬೋರ್ಡ್ ಕೊಟ್ಟ ವಿನಾಯಿತಿ: ಷರತ್ತು ಬರೆದೂ ಹಿಡಿತ ತಪ್ಪಿದ ಒಂದು ಪ್ರಕರಣ

ಎನ್ರಾನ್ ಅಂದ ಕೂಡಲೇ ಹೆಚ್ಚಿನವರಿಗೆ ಲೆಕ್ಕಪತ್ರದ ಮೋಸ ನೆನಪಾಗುತ್ತದೆ. ಅದರೊಳಗೆ ಇನ್ನೊಂದು ಕಥೆ ಇದೆ. ಕಂಪನಿಯ ನಿರ್ದೇಶಕರ ಬೋರ್ಡಿನಲ್ಲಿ ಕೂರುವವರು, ಬೋರ್ಡಿಗೆ ಕಾಗದಪತ್ರ ತಯಾರಿಸುವವರು ಒಮ್ಮೆಯಾದರೂ ಓದಬೇಕಾದ ಕಥೆ. ಅಮೆರಿಕದ ಹ್ಯೂಸ್ಟನ್‌ನ ಈ ಇಂಧನ ಕಂಪನಿಯ ಬೋರ್ಡ್ 1999 ಮತ್ತು 2000ರಲ್ಲಿ ತನ್ನದೇ ನೀತಿ ಸಂಹಿತೆಗೆ ಮೂರು ಸಲ ವಿನಾಯಿತಿ ಕೊಟ್ಟಿತು. ಮೂರೂ ಸಲ ಒಬ್ಬನೇ ಅಧಿಕಾರಿಗೆ. ಸುಮ್ನೆ ಕೊಡಲಿಲ್ಲ, ಷರತ್ತುಗಳನ್ನೂ ಹಾಕಿತು. ಓದಿದರೆ ಷರತ್ತುಗಳು ಚೆನ್ನಾಗಿಯೇ ಇವೆ. ಆದರೂ ಒಂದೂ ನೆಟ್ಟಗೆ ಕೆಲಸ ಮಾಡಲಿಲ್ಲ.

ಇಲ್ಲಿರುವ ವಿವರಗಳಲ್ಲಿ ಹೆಚ್ಚಿನವು ಎರಡು ತನಿಖೆಗಳಿಂದ ಹೊರಬಂದವು. ಒಂದು, ಎನ್ರಾನ್ ಬೋರ್ಡೇ ನೇಮಿಸಿದ ವಿಶೇಷ ಸಮಿತಿಯದು. ಟೆಕ್ಸಸ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಡೀನ್ ಆಗಿದ್ದ ವಿಲಿಯಂ ಪವರ್ಸ್ ಅದರ ಮುಖ್ಯಸ್ಥರು. ಅದರ ವರದಿ 2002ರ ಫೆಬ್ರವರಿಯಲ್ಲಿ ಬಂತು. ಇನ್ನೊಂದು, ಅಮೆರಿಕ ಸೆನೆಟ್‌ನ ತನಿಖಾ ಉಪಸಮಿತಿಯದು. ಅದು ಅದೇ ವರ್ಷದ ಜುಲೈನಲ್ಲಿ ಬಂತು, ಬೋರ್ಡಿನ ಪಾತ್ರವನ್ನೇ ಎತ್ತಿಕೊಂಡು ನೋಡಿತು.

ಬೋರ್ಡ್ ಕೆಲಸ ವಹಿಸುವ ಬಗೆ

ಬೋರ್ಡ್ ಕಂಪನಿಯನ್ನು ದಿನಾ ನಡೆಸುವುದಿಲ್ಲ. ನಡೆಸಲೂಬಾರದು. ವರ್ಷಕ್ಕೆ ನಾಲ್ಕೈದು ಸಲ ಸೇರುವ ಹತ್ತು ಹದಿನೈದು ಜನ ಪ್ರತಿ ವ್ಯವಹಾರಕ್ಕೂ ಒಪ್ಪಿಗೆ ಕೊಡಲು ಕೂತರೆ ಕೆಲಸ ನಿಂತುಹೋಗುತ್ತದೆ. ಹಾಗಾಗಿ ಬೋರ್ಡ್ ಬರಹದ ಮೂಲಕ ಆಳುತ್ತದೆ. ಯಾವ ಗುರಿ ಮುಟ್ಟಬೇಕು ಅಂತ ಬರೆದಿಡುತ್ತದೆ. ಯಾವ ಗೆರೆ ದಾಟಬಾರದು ಅಂತಲೂ ಬರೆದಿಡುತ್ತದೆ. ಈ ಎರಡರ ನಡುವೆ ಸಿಇಒ ಮತ್ತು ಅವರ ತಂಡ ತಮಗೆ ಸರಿ ಕಂಡಂತೆ ನಡೆಯಬಹುದು, ಹೆಜ್ಜೆ ಹೆಜ್ಜೆಗೂ ಕೇಳಬೇಕಿಲ್ಲ.

ಇದಕ್ಕೆ ಮೂರನೆಯ ಭಾಗವೂ ಇದೆ. ಗೆರೆ ದಾಟಿಲ್ಲ ಅನ್ನುವುದು ಬೋರ್ಡಿಗೆ ತಿಳಿಯುವುದು ಹೇಗೆ? ಯಾರು ತಿಳಿಸಬೇಕು, ಎಷ್ಟು ದಿನಕ್ಕೊಮ್ಮೆ, ಯಾವ ದಾಖಲೆ ಸಮೇತ? ಇದನ್ನು ಬರೆಯದೆ ಬಿಟ್ಟರೆ ಬೋರ್ಡ್ ಅಧಿಕಾರ ವಹಿಸಿದಂತಾಗುವುದಿಲ್ಲ, ಕೈಬಿಟ್ಟಂತಾಗುತ್ತದೆ. ನನ್ನ ಪ್ರಕಾರ ಎನ್ರಾನ್‌ನಲ್ಲಿ ಕೆಟ್ಟಿದ್ದು ಇದೇ ಭಾಗ.

ಸಂಹಿತೆ ಮತ್ತು ಮೊದಲ ವಿನಾಯಿತಿ

ಎನ್ರಾನ್‌ಗೆ ಅರವತ್ತಕ್ಕೂ ಹೆಚ್ಚು ಪುಟಗಳ ನೀತಿ ಸಂಹಿತೆ ಇತ್ತು. ಅದರ ಒಂದು ನಿಯಮದ ಸಾರ ಹೀಗಿತ್ತು: ಕಂಪನಿಯ ಜೊತೆ ವ್ಯವಹಾರ ಮಾಡುವ ಬೇರೆ ಸಂಸ್ಥೆಯಲ್ಲಿ ಯಾವ ಅಧಿಕಾರಿಯೂ ಪಾಲು ಹೊಂದಬಾರದು, ಅದರ ಲಾಭದಲ್ಲಿ ಭಾಗ ಪಡೆಯಬಾರದು. ಹಾಗೆ ಮಾಡಬೇಕಿದ್ದರೆ ಮೊದಲೇ ಬರಹದಲ್ಲಿ ತಿಳಿಸಬೇಕು. ಅದರಿಂದ ಕಂಪನಿಯ ಹಿತಕ್ಕೆ ಧಕ್ಕೆ ಇಲ್ಲ ಅಂತ ಬೋರ್ಡಿನ ಅಧ್ಯಕ್ಷರೂ ಸಿಇಒ ಕೂಡ ಆಗಿರುವವರು ತೀರ್ಮಾನಿಸಬೇಕು.

ಗಮನಿಸಿ, ವಿನಾಯಿತಿಯ ಕೀಲಿ ಇದ್ದದ್ದು ಬೋರ್ಡಿನ ಕೈಯಲ್ಲಲ್ಲ, ಕೆನೆತ್ ಲೇ ಅವರ ಕೈಯಲ್ಲಿ. ಆಗ ಎರಡೂ ಹುದ್ದೆ ಅವರದೇ. ಕೊಟ್ಟ ವಿನಾಯಿತಿ ಎಷ್ಟು ದಿನ ನಡೆಯುತ್ತದೆ, ಆಮೇಲೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಆ ನಿಯಮದಲ್ಲಿ ಇರಲಿಲ್ಲ.

1999ರ ಜೂನ್ 28ರಂದು ಬೋರ್ಡಿನ ವಿಶೇಷ ಸಭೆ ನಡೆಯಿತು. ಹಲವು ವಿಷಯಗಳ ನಡುವೆ ಎಲ್‌ಜೆಎಂ ಕೇಮನ್ ಎಂಬ ಪಾಲುದಾರಿಕೆಯ ಪ್ರಸ್ತಾವವೂ ಬಂತು. ಅದನ್ನು ನಡೆಸುವವರು ಎನ್ರಾನ್‌ನ ಮುಖ್ಯ ಹಣಕಾಸು ಅಧಿಕಾರಿ ಆಂಡ್ರೂ ಫಾಸ್ಟೋ. ಹೆಸರಿನ ಮೂರು ಅಕ್ಷರಗಳು ಅವರ ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳ ಹೆಸರಿನ ಮೊದಲಕ್ಷರಗಳು. ಎನ್ರಾನ್ ಬಳಿ ರಿದಮ್ಸ್ ನೆಟ್‌ಕನೆಕ್ಷನ್ಸ್ ಎಂಬ ಇಂಟರ್ನೆಟ್ ಕಂಪನಿಯ ಷೇರುಗಳಿದ್ದವು. ಅವುಗಳ ಬೆಲೆ ವಿಪರೀತ ಏರಿತ್ತು. ಅದು ಬಿದ್ದರೆ ನಷ್ಟ ಕಾಣದಂತೆ ಹೆಡ್ಜ್ ಮಾಡಿಕೊಳ್ಳಲು, ಅಂದರೆ ಮೊದಲೇ ರಕ್ಷಣೆಯ ಒಪ್ಪಂದ ಮಾಡಿಕೊಳ್ಳಲು, ಆ ನಷ್ಟ ಹೊರಲು ಒಪ್ಪುವ ಎದುರು ಪಾರ್ಟಿ ಬೇಕಿತ್ತು. ಫಾಸ್ಟೋ ತಾವೇ ಆ ಪಾರ್ಟಿ ಆಗಲು ಮುಂದೆ ಬಂದರು. ಲೇ ಒಪ್ಪಿದ್ದರು, ಬೋರ್ಡ್ ಅದನ್ನು ಸ್ಥಿರೀಕರಿಸಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಎರಡನೆಯದು, ಎಲ್‌ಜೆಎಂ2. ಇದು ದೊಡ್ಡದು, ಹೊರಗಿನ ಹೂಡಿಕೆದಾರರಿಂದ ಕೊನೆಗೆ 39.4 ಕೋಟಿ ಡಾಲರ್ ಬಂಡವಾಳದ ಭರವಸೆ ಸಂಗ್ರಹಿಸಿತು. 2000ದ ಅಕ್ಟೋಬರ್‌ನಲ್ಲಿ ಮೂರನೆಯದಕ್ಕೂ ಒಪ್ಪಿಗೆ ಸಿಕ್ಕಿತು. ಬೋರ್ಡಿಗೆ ಕೊಟ್ಟ ಕಾರಣ ಸರಳ: ಎನ್ರಾನ್‌ನ ಆಸ್ತಿಗಳನ್ನು ಈ ಪಾಲುದಾರಿಕೆಗಳು ಕೊಳ್ಳಬಹುದು. ಹೊರಗಿನವರಿಗೆ ಆಸ್ತಿ ಮಾರಲು ತಿಂಗಳುಗಟ್ಟಲೆ ಪರಿಶೀಲನೆ ನಡೆಯಬೇಕು, ಬ್ಯಾಂಕುಗಳಿಗೆ ಕಮಿಷನ್ ಕೊಡಬೇಕು. ಫಾಸ್ಟೋಗೆ ಆಸ್ತಿಗಳೆಲ್ಲ ಗೊತ್ತು, ಕೆಲಸ ಬೇಗ ಮುಗಿಯುತ್ತದೆ. ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಿದ್ದರೆ ಬೇಗ ಮುಗಿಯದೆ ಇನ್ನೇನು! ಆದರೆ ಆ ವೇಗವೇ ಎಚ್ಚರಿಕೆ ಆಗಬೇಕಿತ್ತು ಅಲ್ವಾ?

ಷರತ್ತುಗಳು

ಬೋರ್ಡಿಗೆ ಅಪಾಯ ಕಾಣಲೇ ಇಲ್ಲ ಅನ್ನುವುದು ನ್ಯಾಯವಲ್ಲ. ಕಂಡಿತ್ತು. ಅದಕ್ಕೇ ಷರತ್ತು ಹಾಕಿತು. ಎಲ್‌ಜೆಎಂ ಜೊತೆಗಿನ ಪ್ರತಿ ವ್ಯವಹಾರವನ್ನೂ ಮುಖ್ಯ ಲೆಕ್ಕಪತ್ರ ಅಧಿಕಾರಿ ರಿಚರ್ಡ್ ಕಾಸಿ ಮತ್ತು ಮುಖ್ಯ ಅಪಾಯ ನಿರ್ವಹಣಾ ಅಧಿಕಾರಿ ರಿಚರ್ಡ್ ಬೈ ಪರಿಶೀಲಿಸಿ ಒಪ್ಪಬೇಕು. ಬೋರ್ಡಿನ ಆಡಿಟ್ ಸಮಿತಿ ವರ್ಷಕ್ಕೊಮ್ಮೆ ಎಲ್ಲ ವ್ಯವಹಾರ ನೋಡಬೇಕು. 2000ದ ಅಕ್ಟೋಬರ್‌ನಲ್ಲಿ ಇನ್ನೂ ಬಿಗಿ ಮಾಡಿದರು. ಆಗ ಕಂಪನಿಯ ಪ್ರೆಸಿಡೆಂಟ್ ಹಾಗೂ ಮುಖ್ಯ ಕಾರ್ಯಾಚರಣೆ ಅಧಿಕಾರಿಯಾಗಿದ್ದ ಜೆಫ್ರಿ ಸ್ಕಿಲ್ಲಿಂಗ್ ಕೂಡ ಒಪ್ಪಬೇಕು. ಹಣಕಾಸು ಸಮಿತಿ ಮೂರು ತಿಂಗಳಿಗೊಮ್ಮೆ ನೋಡಬೇಕು. ಫಾಸ್ಟೋಗೆ ಎಲ್‌ಜೆಎಂನಿಂದ ಎಷ್ಟು ಹಣ ಬರುತ್ತಿದೆ ಅನ್ನುವುದನ್ನು ಸಂಭಾವನೆ ಸಮಿತಿ ಪರಿಶೀಲಿಸಬೇಕು.

ಈ ಪಟ್ಟಿಯನ್ನು ಆ ಅಕ್ಟೋಬರ್‌ನಲ್ಲಿ ಹಣಕಾಸು ಸಮಿತಿಯ ಮುಂದೆ ವಿವರಿಸಿದ್ದು ಫಾಸ್ಟೋ ಅವರೇ. ಪರೀಕ್ಷೆ ಬರೆಯುವವನೇ ಮೇಲ್ವಿಚಾರಣೆಯ ವ್ಯವಸ್ಥೆ ಓದಿ ಹೇಳಿದಂತೆ. ಎಲ್‌ಜೆಎಂ ಕೆಲಸಕ್ಕೆ ತಮಗೆ ವಾರಕ್ಕೆ ಸುಮಾರು ಮೂರು ಗಂಟೆ ಸಾಕಾಗುತ್ತದೆ ಅಂತಲೂ ಅವರು ಹೇಳಿದ್ದರು.

ಒಂದೊಂದೇ ಷರತ್ತು ಏನಾಯಿತು

ಇಲ್ಲಿ ನಿಧಾನವಾಗಿ ನೋಡಬೇಕು.

ಮೊದಲಿಗೆ ಕಾಸಿ ಮತ್ತು ಬೈ. ಬೋರ್ಡಿನ ಮನಸ್ಸಿನಲ್ಲಿ ಇದ್ದದ್ದು: ಈ ಇಬ್ಬರು ಪ್ರತಿ ವ್ಯವಹಾರದ ಬೆಲೆ, ನ್ಯಾಯ ಎರಡನ್ನೂ ಕೆದಕಿ ನೋಡುತ್ತಾರೆ, ಎನ್ರಾನ್ ಪರವಾಗಿ ನಿಲ್ಲುತ್ತಾರೆ. ಆದರೆ ಸಂಬಂಧಪಟ್ಟ ವಿಭಾಗದವರು ಸಹಿ ಹಾಕಿದ್ದಾರೆಯೇ ಅಂತ ನೋಡುವುದೇ ತನ್ನ ಮುಖ್ಯ ಕೆಲಸ ಅಂತ ಕಾಸಿ ತಿಳಿದಿದ್ದರು. ಎನ್ರಾನ್‌ಗೆ ಎಷ್ಟು ಅಪಾಯ ಅಂತ ಅಳೆಯುವುದೇ ತನ್ನ ಕೆಲಸ ಅಂತ ಬೈ ತಿಳಿದಿದ್ದರು. ಈ ವ್ಯವಹಾರ ಎನ್ರಾನ್‌ಗೆ ಲಾಭವೇ, ಬೆಲೆ ಸರಿಯೇ ಅಂತ ಕೇಳುವುದು ಇಬ್ಬರ ಪಾಲಿಗೂ ಮುಖ್ಯ ಕೆಲಸವಾಗಿರಲಿಲ್ಲ. ‘ಪರಿಶೀಲಿಸಿ ಒಪ್ಪಬೇಕು’ ಅಂತ ಬರೆದವರು ಏನನ್ನು ಪರಿಶೀಲಿಸಬೇಕು ಅಂತ ಬರೆಯಲಿಲ್ಲ. ಕೆಲಸ ಇಬ್ಬರ ನಡುವೆ ಬಿದ್ದುಹೋಯಿತು.

ಜೊತೆಗೆ ಇನ್ನೊಂದು ತೊಡಕು. ಎನ್ರಾನ್ ಪರವಾಗಿ ಚೌಕಾಸಿ ಮಾಡುತ್ತಿದ್ದವರಲ್ಲಿ ಕೆಲವರು ಫಾಸ್ಟೋ ಕೈಕೆಳಗಿನವರೇ. ಖಜಾಂಚಿ ಜೆಫ್ ಮೆಕ್‌ಮಾನ್ 2000ದ ಮಾರ್ಚ್‌ನಲ್ಲಿ ಸ್ಕಿಲ್ಲಿಂಗ್ ಬಳಿ ಹೋಗಿ ಈ ಬಿಕ್ಕಟ್ಟನ್ನು ಹೇಳಿಕೊಂಡರು. ಸ್ವಲ್ಪ ದಿನಕ್ಕೆ ಅವರು ಬೇರೆ ಕೆಲಸಕ್ಕೆ ಹೋದರು. ಅವರ ಜಾಗಕ್ಕೆ ಬಂದ ಬೆನ್ ಗ್ಲೈಸನ್ ಎಲ್‌ಜೆಎಂಗೆ ಸಂಬಂಧಿಸಿದ ಒಂದು ವ್ಯವಹಾರದಲ್ಲಿ ತಾವೇ ಹಣ ಹಾಕಿದ್ದರು. ಸುಮಾರು 5,800 ಡಾಲರ್ ಹಾಕಿ ಕೆಲವೇ ವಾರಗಳಲ್ಲಿ ಸುಮಾರು 10 ಲಕ್ಷ ಡಾಲರ್ ಪಡೆದರು. ಅದೇ ವ್ಯವಹಾರದಲ್ಲಿ ಫಾಸ್ಟೋ ಕುಟುಂಬದ ಪ್ರತಿಷ್ಠಾನ 25,000 ಡಾಲರ್ ಹಾಕಿ 45 ಲಕ್ಷ ಡಾಲರ್ ಪಡೆಯಿತು. ಇದು ಬೋರ್ಡಿನ ವಿನಾಯಿತಿಯ ಒಳಗೂ ಬರುತ್ತಿರಲಿಲ್ಲ. ಬೋರ್ಡಿಗೆ ಗೊತ್ತೂ ಇರಲಿಲ್ಲ.

ಸ್ಕಿಲ್ಲಿಂಗ್ ಸಹಿಯ ಕಥೆ ಇನ್ನೂ ವಿಚಿತ್ರ. ಪ್ರತಿ ವ್ಯವಹಾರಕ್ಕೂ ಒಪ್ಪಿಗೆ ಹಾಳೆ ಅಂತ ಒಂದು ಫಾರಂ ಇತ್ತು. ಕೊನೆಯಲ್ಲಿ ಸಹಿಯ ಗೆರೆಗಳು. ಹಲವು ಹಾಳೆಗಳಲ್ಲಿ ಸ್ಕಿಲ್ಲಿಂಗ್ ಸಹಿ ಹಾಕಬೇಕಾದ ಗೆರೆ ಖಾಲಿ. ಕಂಪನಿಯೊಳಗಿನ ವಕೀಲ ಜೋರ್ಡನ್ ಮಿಂಟ್ಜ್ ಇದನ್ನು ಗಮನಿಸಿ 2001ರ ಮೇ 22ರಂದು ಸ್ಕಿಲ್ಲಿಂಗ್‌ಗೆ ಟಿಪ್ಪಣಿ ಬರೆದರು, ಸಹಿ ಬೇಕಿದೆ ಅಂತ. ಉತ್ತರ ಬರಲಿಲ್ಲ. ಟಿಪ್ಪಣಿ ಬೋರ್ಡಿಗೂ ಹೋಗಲಿಲ್ಲ. ಸಹಿ ಇಲ್ಲದಿದ್ದರೆ ಬೋರ್ಡಿಗೆ ತಿಳಿಸಿ ಅಂತ ಯಾವ ಷರತ್ತಿನಲ್ಲೂ ಇರಲಿಲ್ಲ.

ಆಡಿಟ್ ಸಮಿತಿಯ ವಾರ್ಷಿಕ ಪರಿಶೀಲನೆ 2000 ಮತ್ತು 2001ರ ಫೆಬ್ರವರಿಯಲ್ಲಿ ನಡೆಯಿತು. ಕಾಸಿ ಒಂದು ಪಟ್ಟಿ ಮುಂದಿಟ್ಟರು, ಚುಟುಕಾಗಿ ಮಾತಾಯಿತು, ಮುಗಿಯಿತು. ಪಟ್ಟಿಯಲ್ಲಿ ಇಲ್ಲದ ಸಂಗತಿಗಳೇ ಮುಖ್ಯ ಇದ್ದವು. 1999ರ ಕೊನೆಯ ಆರು ತಿಂಗಳಲ್ಲಿ ಎನ್ರಾನ್ ಎಲ್‌ಜೆಎಂಗಳಿಗೆ ಏಳು ಆಸ್ತಿಗಳಲ್ಲಿನ ಪಾಲು ಮಾರಿತ್ತು. ಲೆಕ್ಕದ ಅವಧಿ ಮುಗಿದ ಮೇಲೆ ಅದರಲ್ಲಿ ಐದನ್ನು ವಾಪಸ್ ಕೊಂಡಿತು. ಆಸ್ತಿಯ ಬೆಲೆ ಇಳಿದಂತೆ ಕಂಡಾಗಲೂ ಎಲ್‌ಜೆಎಂಗೆ ಲಾಭವೇ. ಮಾರಿದ್ದು ಎಷ್ಟು, ಮರಳಿ ಕೊಂಡಿದ್ದು ಎಷ್ಟು, ಯಾವ ಬೆಲೆಗೆ ಅಂತ ಮೂರು ಕಾಲಂ ಇರುವ ಒಂದು ಹಾಳೆ ಸಾಕಿತ್ತು, ಯಾರಿಗಾದರೂ ಹುಬ್ಬು ಮೇಲೇರುತ್ತಿತ್ತು.

ಹೊರಗಿನ ಲೆಕ್ಕಪರಿಶೋಧಕರೂ ಬಾಯಿ ಬಿಡಲಿಲ್ಲ. 2001ರ ಫೆಬ್ರವರಿ 5ರಂದು ಆರ್ಥರ್ ಆಂಡರ್ಸನ್‌ನ ಹಿರಿಯರು ಎನ್ರಾನ್ ಅನ್ನು ಗ್ರಾಹಕರಾಗಿ ಉಳಿಸಿಕೊಳ್ಳಬೇಕೇ ಅಂತಲೇ ತಮ್ಮೊಳಗೆ ಚರ್ಚಿಸಿದ್ದರು. ಫಾಸ್ಟೋ ಎನ್ರಾನ್, ಎಲ್‌ಜೆಎಂ ಎರಡೂ ಕಡೆ ಇರುವ ವಿಷಯವೂ ಅಲ್ಲಿ ಬಂದಿತ್ತು. ಒಂದು ವಾರದ ನಂತರ ಆಡಿಟ್ ಸಮಿತಿಯ ಮುಂದೆ ಬಂದಾಗ ಆ ಚರ್ಚೆಯ ಸುಳಿವನ್ನೂ ಕೊಡಲಿಲ್ಲ.

ಸಂಬಳ ಕೇಳಲು ಸಂಕೋಚ

ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಸಂಭಾವನೆ ಸಮಿತಿಯ ಭಾಗ. ಅದಕ್ಕೆ ವಹಿಸಿದ್ದು ಒಂದೇ ಪ್ರಶ್ನೆ: ಫಾಸ್ಟೋಗೆ ಎಷ್ಟು ಸಿಗುತ್ತಿದೆ? ಸಮಿತಿಯ ಅಧ್ಯಕ್ಷ ಚಾರ್ಲ್ಸ್ ಲಮೈಸ್ಟರ್ ಇದನ್ನು ನೇರವಾಗಿ ಕೇಳಲಿಲ್ಲ. ಕಂಪನಿಯೊಳಗೆ ಗುಸುಗುಸು ಶುರುವಾಗಬಾರದು ಅಂತ, ಹಿರಿಯ ಅಧಿಕಾರಿಗಳೆಲ್ಲರ ಹೊರಗಿನ ಆದಾಯದ ಮಾಹಿತಿ ಕೊಡಿ ಅಂತ ಸಂಬಂಧಪಟ್ಟ ವಿಭಾಗಕ್ಕೆ ಕೇಳಿದರು. ಫಾಸ್ಟೋ ಹೆಸರನ್ನೇ ಎತ್ತಲಿಲ್ಲ. ಮಾಹಿತಿ ಬರಲಿಲ್ಲ. ಸಮಿತಿಯೂ ಪಟ್ಟು ಹಿಡಿಯಲಿಲ್ಲ.

ಇದನ್ನು ಸೋಮಾರಿತನ ಅನ್ನಲು ನನಗೆ ಮನಸ್ಸಿಲ್ಲ. ದೊಡ್ಡ ಹುದ್ದೆಯವರ ಆದಾಯ ಕೇಳುವುದು ಮುಜುಗರ. ಕೇಳಿದರೆ ನಂಬಿಕೆ ಇಲ್ಲ ಅಂದಂತಾಗುತ್ತದೆ ಅನ್ನುವ ಭಾವನೆ ಎಲ್ಲ ಬೋರ್ಡಿನಲ್ಲೂ ಇರುತ್ತದೆ. ಅದಕ್ಕಾಗಿಯೇ ಇಂಥ ಪ್ರಶ್ನೆಯನ್ನು ಯಾರೂ ಕೇಳದೆಯೇ ಉತ್ತರ ಬರುವಂತೆ ನಿಯಮದಲ್ಲಿ ಬರೆಯಬೇಕು. ‘ಪ್ರತಿ ತ್ರೈಮಾಸಿಕ ಮುಗಿದು ಹದಿನೈದು ದಿನದೊಳಗೆ ಅಧಿಕಾರಿ ತನ್ನ ಆದಾಯದ ಪ್ರಮಾಣಿತ ಲೆಕ್ಕವನ್ನು ಸಮಿತಿಗೆ ಕೊಡಬೇಕು’ ಅಂತ ಒಂದು ಸಾಲು ಇದ್ದರೆ ಮುಜುಗರದ ಮಾತೇ ಬರುವುದಿಲ್ಲ. ಕೇಳುವುದು ನಿಯಮ, ವ್ಯಕ್ತಿಯಲ್ಲ.

ಕೊನೆಗೆ ಉತ್ತರ ಬಂದದ್ದು 2001ರ ಅಕ್ಟೋಬರ್ 23ರಂದು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಲಮೈಸ್ಟರ್ ಮತ್ತು ಇನ್ನೊಬ್ಬ ನಿರ್ದೇಶಕ ಜಾನ್ ಡಂಕನ್ ಫಾಸ್ಟೋಗೆ ಫೋನ್ ಮಾಡಿ ಕೇಳಿದರು. ಮೊದಲ ಎಲ್‌ಜೆಎಂನಿಂದ 2.3 ಕೋಟಿ ಡಾಲರ್, ಎರಡನೆಯದರಿಂದ 2.2 ಕೋಟಿ. ಒಟ್ಟು 4.5 ಕೋಟಿ ಡಾಲರ್. ಮರುದಿನ ಫಾಸ್ಟೋ ಅವರನ್ನು ರಜೆಯ ಮೇಲೆ ಕಳಿಸಲಾಯಿತು. ಒಂದು ವರ್ಷ ಸಿಗದ ಉತ್ತರ ಒಂದು ಫೋನಿನಲ್ಲಿ ಸಿಕ್ಕಿತು.

ಅಷ್ಟರಲ್ಲಿ ಹೊತ್ತು ಮೀರಿತ್ತು. ಅಕ್ಟೋಬರ್ 16ರಂದೇ ಕಂಪನಿ ದೊಡ್ಡ ನಷ್ಟ ಪ್ರಕಟಿಸಿತ್ತು. ಷೇರುದಾರರ ಬಂಡವಾಳದಲ್ಲಿ 120 ಕೋಟಿ ಡಾಲರ್ ಕಡಿತ ಅಂತಲೂ ಹೇಳಿತ್ತು. ನವೆಂಬರ್ 8ರಂದು ಹಿಂದಿನ ವರ್ಷಗಳ ಲೆಕ್ಕ ತಿದ್ದಿತು. ಡಿಸೆಂಬರ್ 2ರಂದು ದಿವಾಳಿ ಅರ್ಜಿ ಹಾಕಿತು.

ನಿರ್ದೇಶಕರು ಹೇಳಿದ್ದು

ನಮಗೆ ಸುಳ್ಳು ಹೇಳಿದರು, ಮುಖ್ಯ ಸಂಗತಿಗಳನ್ನು ಮುಚ್ಚಿಟ್ಟರು ಅನ್ನುವುದು ನಿರ್ದೇಶಕರ ವಾದ. ಇದರಲ್ಲಿ ಸತ್ಯ ಇದೆ. ಫಾಸ್ಟೋ 2004ರಲ್ಲಿ ತಪ್ಪೊಪ್ಪಿಕೊಂಡರು, 2006ರಲ್ಲಿ ಆರು ವರ್ಷದ ಶಿಕ್ಷೆ ಆಯಿತು. ಕಾಸಿ ಕೂಡ ತಪ್ಪೊಪ್ಪಿಕೊಂಡರು. ಸ್ಕಿಲ್ಲಿಂಗ್ ಅಪರಾಧಿ ಅಂತ 2006ರ ಮೇನಲ್ಲಿ ತೀರ್ಪಾಯಿತು. ಮೋಸ ಮಾಡಲು ಹೊರಟವರ ಮುಂದೆ ಯಾವ ನಿಯಮಕ್ಕೂ ಮಿತಿ ಇದ್ದೇ ಇರುತ್ತದೆ.

ಸೆನೆಟ್ ಉಪಸಮಿತಿ ಇದನ್ನು ಪೂರ್ತಿ ಒಪ್ಪಲಿಲ್ಲ. ಅಪಾಯದ ಸೂಚನೆಗಳು ಹತ್ತಾರು ಇದ್ದವು, ಬೋರ್ಡ್ ನೋಡಿಯೂ ಸುಮ್ಮನಿತ್ತು ಅಂದಿತು. ನನ್ನ ಒಲವು ಉಪಸಮಿತಿಯ ಕಡೆಗೇ, ಆದರೆ ಬೇರೆ ಕಾರಣಕ್ಕೆ. ಫಾಸ್ಟೋ ಸುಳ್ಳುಗಾರ ಅಂತ ಬೋರ್ಡ್ ಊಹಿಸಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಸಾಮಾನ್ಯ ನಿಯಮ ಸಾಮಾನ್ಯ ನಂಬಿಕೆಯ ಮೇಲೆ ನಿಂತಿರುತ್ತದೆ. ಆ ನಿಯಮವನ್ನೇ ಒಬ್ಬನಿಗಾಗಿ ಸರಿಸಿದ ಮೇಲೆ ಹಳೆಯ ನಂಬಿಕೆ ಸಾಲದು. ವಿನಾಯಿತಿ ಕೊಟ್ಟ ದಿನದಿಂದ ನಿಗಾ ದುಪ್ಪಟ್ಟಾಗಬೇಕು. ಇಲ್ಲಿ ನಿಗಾದ ಹೊಣೆಯನ್ನೂ ಮ್ಯಾನೇಜ್‌ಮೆಂಟಿಗೇ ಕೊಟ್ಟರು.

ಇದು ದಡ್ಡರ ಬೋರ್ಡ್ ಆಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಆಡಿಟ್ ಸಮಿತಿಯ ಅಧ್ಯಕ್ಷ ರಾಬರ್ಟ್ ಯೆಡಿಕೆ ಸ್ಟ್ಯಾನ್‌ಫರ್ಡ್‌ನಲ್ಲಿ ಲೆಕ್ಕಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. 2000ದಲ್ಲಿ ಒಂದು ಅಮೆರಿಕನ್ ಪತ್ರಿಕೆ ಈ ಬೋರ್ಡನ್ನು ದೇಶದ ಐದು ಅತ್ಯುತ್ತಮ ಬೋರ್ಡುಗಳಲ್ಲಿ ಒಂದು ಅಂತ ಆರಿಸಿತ್ತು.

ಬೇರೆ ಹೇಗೆ ಬರೆಯಬಹುದಿತ್ತು

ವಿನಾಯಿತಿ ಕೊಡಲೇಬಾರದಿತ್ತು ಅನ್ನುವುದು ಸುಲಭದ ಉತ್ತರ. ನನಗೂ ಹಾಗೇ ಅನ್ನಿಸುತ್ತದೆ: ಕಂಪನಿಯ ಹಣದ ಪೆಟ್ಟಿಗೆ ಕಾಯುವವರು ಎದುರು ಪಾರ್ಟಿಯಲ್ಲಿ ಕೂರುವುದಕ್ಕೆ ಎಷ್ಟೇ ಷರತ್ತು ಹಾಕಿದರೂ ಅದು ಸರಿಹೋಗುವುದಿಲ್ಲ. ಆದರೂ ಕೊಡಲು ತೀರ್ಮಾನಿಸಿದ್ದಾರೆ ಅಂತಲೇ ಇಟ್ಟುಕೊಂಡು ಠರಾವನ್ನು ಮತ್ತೆ ಬರೆದರೆ?

ಮೊದಲು ಅವಧಿ. ವಿನಾಯಿತಿ ಆರು ತಿಂಗಳಿಗೆ ಮಾತ್ರ, ಮುಂದುವರಿಸಲು ಹೊಸ ಠರಾವು ಬೇಕು. ಆಮೇಲೆ ‘ಒಪ್ಪಿಗೆ’ಯ ಅರ್ಥ. ಹೊರಗಿನವರಿಗೆ ಮಾರಲು ಪ್ರಯತ್ನಿಸಿದ್ದಕ್ಕೆ ಪುರಾವೆ ಏನು, ಬೆಲೆ ಹೇಗೆ ಬಂತು, ಎನ್ರಾನ್ ಪರವಾಗಿ ಮಾತಾಡಿದವರು ಯಾರ ಕೈಕೆಳಗಿನವರು, ಇಷ್ಟನ್ನೂ ಸಹಿ ಹಾಕುವವರು ತಮ್ಮ ಮಾತಿನಲ್ಲಿ ಬರೆಯಬೇಕು. ಟಿಕ್ ಹಾಕುವ ಫಾರಂ ಸಾಲದು. ಮೂರನೆಯದು ವರದಿಯ ದಾರಿ. ಹಾಳೆಗಳು ಕಾಸಿ ಮೂಲಕ ಬೋರ್ಡಿಗೆ ಬರಬಾರದು. ಒಳ ಆಡಿಟ್ ವಿಭಾಗ ಮೂಲ ಹಾಳೆಗಳನ್ನೇ ನೇರವಾಗಿ ಸಮಿತಿಗೆ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ನನ್ನ ಲೆಕ್ಕದಲ್ಲಿ ಇದು: ವರದಿ ಬರದಿದ್ದರೆ ವಿನಾಯಿತಿ ತಾನಾಗಿಯೇ ರದ್ದು. ಎನ್ರಾನ್‌ನಲ್ಲಿ ಮೌನ ಫಾಸ್ಟೋ ಪರವಾಗಿ ಕೆಲಸ ಮಾಡಿತು. ಸಹಿ ಇಲ್ಲದಿದ್ದರೂ ವ್ಯವಹಾರ ನಡೆಯಿತು, ಆದಾಯದ ಲೆಕ್ಕ ಬರದಿದ್ದರೂ ವಿನಾಯಿತಿ ಉಳಿಯಿತು. ಮೌನದ ಬೆಲೆಯನ್ನು ಕಾಗದ ಕೊಡಬೇಕಾದವರ ತಲೆಗೆ ಕಟ್ಟಿದ್ದರೆ ಮಿಂಟ್ಜ್ ಬರೆದ ಟಿಪ್ಪಣಿಯನ್ನು ಯಾರೂ ಮೂಲೆಗೆ ಹಾಕುತ್ತಿರಲಿಲ್ಲ. ಖಾಲಿ ಗೆರೆ ಒಂದು ದಿನವೂ ಖಾಲಿ ಉಳಿಯುತ್ತಿರಲಿಲ್ಲ.

ಆಮೇಲೆ ಬಂದ ಕಾನೂನು

2005ರಲ್ಲಿ 18 ಮಾಜಿ ನಿರ್ದೇಶಕರು ಷೇರುದಾರರ ದಾವೆಯನ್ನು 16.8 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡರು. ಹೆಚ್ಚಿನ ಹಣ ವಿಮೆಯದು, ಆದರೆ 1.3 ಕೋಟಿ ಡಾಲರ್ ಕೆಲವು ನಿರ್ದೇಶಕರ ಸ್ವಂತ ಜೇಬಿನದು. ನಿರ್ದೇಶಕರು ಕೈಯಿಂದ ಹಣ ಕೊಡುವುದು ಅಪರೂಪ, ಹಾಗಾಗಿ ಆಗ ದೊಡ್ಡ ಸುದ್ದಿಯಾಯಿತು.

2002ರ ಜುಲೈ 30ರಂದು ಬಂದ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆಯ 406ನೇ ಸೆಕ್ಷನ್ ನೇರವಾಗಿ ಈ ಗಾಯಕ್ಕೇ ಕೈ ಹಾಕಿತು. ಹಿರಿಯ ಹಣಕಾಸು ಅಧಿಕಾರಿಗಳಿಗೆ ನೀತಿ ಸಂಹಿತೆ ಇದೆಯೇ, ಇಲ್ಲದಿದ್ದರೆ ಯಾಕಿಲ್ಲ ಅಂತ ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳು ಹೇಳಬೇಕು. ವಿನಾಯಿತಿ ಕೊಟ್ಟರೆ ಕೂಡಲೇ ಬಹಿರಂಗ ಮಾಡಬೇಕು. ಈಗ ಅದಕ್ಕೆ ನಾಲ್ಕು ಕೆಲಸದ ದಿನಗಳ ಗಡುವಿದೆ. ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದ ನಿಯಮವೂ ಬದಲಾಯಿತು. ಮುಖ್ಯ ಅಧಿಕಾರಿಗಳಿಗೆ, ನಿರ್ದೇಶಕರಿಗೆ ವಿನಾಯಿತಿ ಕೊಡಬೇಕಿದ್ದರೆ ಅದು ಬೋರ್ಡ್ ಅಥವಾ ಬೋರ್ಡಿನ ಸಮಿತಿಯಿಂದಲೇ ಆಗಬೇಕು. ಸಿಇಒ ಕೈಯಲ್ಲಿದ್ದ ಕೀಲಿ ಹೋಯಿತು.

ಅಮೆರಿಕದ ಷೇರು ನಿಯಂತ್ರಕರು ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಸಂಹಿತೆಯನ್ನು ಗಂಭೀರವಾಗಿ ಮೀರಿದ್ದು ಉನ್ನತ ಅಧಿಕಾರಿಗೆ ಗೊತ್ತಾಗಿ, ಸಕಾಲದಲ್ಲಿ ಕಂಪನಿ ಏನೂ ಮಾಡದಿದ್ದರೆ ಅದನ್ನೂ ವಿನಾಯಿತಿ ಅಂತಲೇ ಎಣಿಸಬೇಕು, ಪ್ರಕಟಿಸಬೇಕು. ಸುಮ್ಮನಿರುವುದಕ್ಕೂ ಲೆಕ್ಕ ಕೊಡಬೇಕಾಯಿತು. ಆದರೆ ಕಾನೂನು ಇಲ್ಲಿಗೆ ನಿಲ್ಲುತ್ತದೆ. ವಿನಾಯಿತಿ ಕೊಟ್ಟ ಸುದ್ದಿ ಹೊರಬರಬೇಕು ಅನ್ನುತ್ತದೆಯೇ ಹೊರತು, ಅದರ ಜೊತೆ ಹಾಕಿದ ಷರತ್ತುಗಳ ವರದಿ ಯಾರಿಂದ, ಯಾವಾಗ, ಯಾವ ದಾಖಲೆ ಸಮೇತ ಬೋರ್ಡಿಗೆ ಬರಬೇಕು ಅಂತ ಹೇಳುವುದಿಲ್ಲ. ಅದನ್ನು ಈಗಲೂ ಆಯಾ ಬೋರ್ಡೇ ಕೂತು ಬರೆಯಬೇಕು.